ಐಸ್ ಹಾಕಿ ಕಸುಬಾಗಬೇಕೆಂದರೆ: ವಯಸ್ಸು, ಗಡುವು, ಕರಾರು

ಮೊದಲು ಜನನ ಪ್ರಮಾಣಪತ್ರ ತೆಗೆದು ಎದುರಿಗಿಟ್ಟುಕೊಳ್ಳಿ. ಐಸ್ ಹಾಕಿಯಲ್ಲಿ ಮಕ್ಕಳ ತಂಡ, ಜೂನಿಯರ್ ಲೀಗ್ ಆಯ್ಕೆ, ಎನ್‌ಎಚ್‌ಎಲ್ ಡ್ರಾಫ್ಟ್ (ಉತ್ತರ ಅಮೆರಿಕದ ಅತ್ಯುನ್ನತ ವೃತ್ತಿ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು), ಮೊದಲ ಕರಾರಿನ ಅವಧಿ, ಇಷ್ಟದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಎಲ್ಲವೂ ವಯಸ್ಸಿನ ಲೆಕ್ಕದ ಮೇಲೆ ನಿಂತಿವೆ. ಆಟ ಚೆನ್ನಾಗಿದ್ದೂ ಒಂದು ಸಹಿಯನ್ನು ಆರು ತಿಂಗಳು ಮೊದಲೇ ಹಾಕಿ ಕಾಲೇಜಿನ ದಾರಿ ಕಳೆದುಕೊಂಡವರಿದ್ದಾರೆ. ಆಟ ಸಾಧಾರಣವಿದ್ದೂ ಲೆಕ್ಕ ಸರಿಯಾಗಿ ಹಾಕಿ ಹದಿನೈದು ವರ್ಷ ಸಂಬಳ ಎಣಿಸಿದವರೂ ಇದ್ದಾರೆ. ಆದ್ದರಿಂದ ಇಲ್ಲಿ ವಯಸ್ಸಿನ ಕ್ರಮದಲ್ಲೇ ಹೋಗೋಣ.

ಹುಟ್ಟಿದ ತಿಂಗಳು

ಮಕ್ಕಳ ಹಾಕಿಯಲ್ಲಿ ಗುಂಪು ಮಾಡುವುದು ಹುಟ್ಟಿದ ವರ್ಷದ ಪ್ರಕಾರ, ಜನವರಿ 1ರಿಂದ ಡಿಸೆಂಬರ್ 31. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನವನೂ ಒಂದೇ ತಂಡದ ಆಯ್ಕೆಗೆ ನಿಲ್ಲುತ್ತಾರೆ. ಒಂಬತ್ತನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿ, ತೂಕದಲ್ಲಿ ಎದ್ದು ಕಾಣುವ ವ್ಯತ್ಯಾಸ. ದೊಡ್ಡವನು ಮೊದಲ ದರ್ಜೆಯ ತಂಡಕ್ಕೆ ಹೋಗುತ್ತಾನೆ, ಅಲ್ಲಿ ಒಳ್ಳೆಯ ಕೋಚ್ ಸಿಗುತ್ತಾರೆ, ಮಂಜಿನ ಮೇಲೆ ಹೆಚ್ಚು ಹೊತ್ತು ಸಿಗುತ್ತದೆ. ಮುಂದಿನ ವರ್ಷ ಅವನು ನಿಜವಾಗಿಯೂ ಮೇಲಿರುತ್ತಾನೆ. ಜೂನಿಯರ್ ತಂಡಗಳ ಪಟ್ಟಿಯಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿರುವುದಕ್ಕೆ ಕಾರಣ ಇದು.

ಮಗು ವರ್ಷದ ಕೊನೆಯಲ್ಲಿ ಹುಟ್ಟಿದ್ದರೆ ಹದಿನಾಲ್ಕರವರೆಗೆ ಒಂದೇ ನಿಯಮ ಸಾಕು: ದೊಡ್ಡ ತಂಡದ ಬೆಂಚಿಗಿಂತ ಚಿಕ್ಕ ತಂಡದ ಆಟ ಮೇಲು. ಬೆಳವಣಿಗೆ ಹದಿನೈದು–ಹದಿನಾರಕ್ಕೆ ಸರಿಹೋಗುತ್ತದೆ. ಇದರಲ್ಲೊಂದು ತಮಾಷೆಯೂ ಇದೆ. ಎನ್‌ಎಚ್‌ಎಲ್ ಡ್ರಾಫ್ಟ್‌ನ ಗಡಿ ಜನವರಿ ಅಲ್ಲ, ಸೆಪ್ಟೆಂಬರ್ 15. ಆ ದಿನಕ್ಕೆ 18 ತುಂಬಿರಬೇಕು. ಸೆಪ್ಟೆಂಬರ್ 16ರಂದು ಅಥವಾ ಅದರ ನಂತರ ಹುಟ್ಟಿದವನು ಮುಂದಿನ ವರ್ಷದ ಡ್ರಾಫ್ಟ್‌ಗೆ ಹೋಗುತ್ತಾನೆ, ಅಂದರೆ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಕಣ್ಣಿಗೆ ಬೀಳಲು ಒಂದು ಸೀಸನ್ ಹೆಚ್ಚು ಸಿಗುತ್ತದೆ. ಒಂಬತ್ತರಲ್ಲಿ ಹಿಂದೆ ಬಿದ್ದವನಿಗೆ ಹದಿನೆಂಟರಲ್ಲಿ ಬಡ್ಡಿ ಸಮೇತ ವಾಪಸ್.

ಹನ್ನೆರಡರವರೆಗೆ

ಏಳು, ಒಂಬತ್ತು ವಯಸ್ಸಿನೊಳಗಿನ ಗುಂಪುಗಳಿಗೆ ರಿಂಕ್ ಅನ್ನು, ಅಂದರೆ ಮಂಜಿನ ಅಂಕಣವನ್ನು, ಅರ್ಧಕ್ಕೋ ಅಡ್ಡಲಾಗಿಯೋ ಭಾಗ ಮಾಡಿ ಆಡಿಸುತ್ತಾರೆ. ಪೂರ್ತಿ ರಿಂಕ್ ಉದ್ದ 200 ಅಡಿ, ಅಗಲ 85 ಅಡಿ. ಅಷ್ಟು ದೊಡ್ಡ ಜಾಗದಲ್ಲಿ ಪುಟ್ಟ ಮಕ್ಕಳನ್ನು ಬಿಟ್ಟರೆ ಜೋರಾಗಿ ಓಡುವ ಒಬ್ಬನ ಬಳಿಯೇ ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಉಳಿಯುತ್ತದೆ. ಜಾಗ ಚಿಕ್ಕದಾದರೆ ಎಲ್ಲರಿಗೂ ಪಕ್ ಸಿಗುತ್ತದೆ, ಎಲ್ಲರೂ ತಿರುಗಲು, ನಿಲ್ಲಲು ಕಲಿಯುತ್ತಾರೆ. ‘ನಮ್ಮ ಮಗನಿಗೆ ಪೂರ್ತಿ ರಿಂಕ್ ಕೊಡುತ್ತಿಲ್ಲ’ ಎಂದು ದೂರುವ ಪೋಷಕರು ಇದನ್ನು ನೆನಪಿಡಿ.

ಈ ವಯಸ್ಸಿನಲ್ಲಿ ಕಲಿಯಬೇಕಾದ್ದು ಸ್ಕೇಟಿಂಗ್, ಮತ್ತೆ ಸ್ಕೇಟಿಂಗ್. ಒಳ ಅಂಚು, ಹೊರ ಅಂಚು, ಎಡಕ್ಕೂ ಬಲಕ್ಕೂ ಒಂದೇ ಸಲೀಸಿನಲ್ಲಿ ಕ್ರಾಸ್‌ಓವರ್ (ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸುವುದು), ಹಿಮ್ಮುಖ ಓಟ, ಮುಮ್ಮುಖದಿಂದ ಹಿಮ್ಮುಖಕ್ಕೆ ವೇಗ ಕಳೆಯದೆ ತಿರುಗುವುದು. ಶಾಟ್ ಅನ್ನು ಹದಿನೆಂಟರಲ್ಲೂ ಸುಧಾರಿಸಬಹುದು. ಹದಿನಾಲ್ಕಕ್ಕೆ ಗಟ್ಟಿಯಾದ ಕೆಟ್ಟ ಹೆಜ್ಜೆಯನ್ನು ತಿದ್ದುವುದು ಕಷ್ಟ. ಬೇಸಿಗೆಯಲ್ಲಿ ಸ್ಕೇಟ್ ಕಟ್ಟಿಟ್ಟು ಬೇರೆ ಆಟ ಆಡಿಸಿ. ವರ್ಷವಿಡೀ ಸ್ಕೇಟ್ ಮೇಲೇ ಇರುವ ಮಕ್ಕಳಿಗೆ ಸೊಂಟದ ಕೀಲು ಮತ್ತು ತೊಡೆಸಂದಿಯ ತೊಂದರೆ ಬೇಗ ಅಂಟಿಕೊಳ್ಳುತ್ತದೆ.

ಹುಲ್ಲಿನ ಹಾಕಿ ನೋಡಿ ಬೆಳೆದವರಿಗೊಂದು ಮಾತು: ಅಲ್ಲಿ ಸ್ಟಿಕ್ ಎಲ್ಲರಿಗೂ ಬಲಗೈಯದೇ, ಒಂದೇ ಚಪ್ಪಟೆ ಮುಖ. ಇಲ್ಲಿ ಎಡಗೈ ಸ್ಟಿಕ್, ಬಲಗೈ ಸ್ಟಿಕ್ ಬೇರೆ ಬೇರೆ, ಬ್ಲೇಡಿನ ಎರಡೂ ಮುಖ ಬಳಸಬಹುದು. ಕೆಳಗಿರುವ ಕೈ ಯಾವುದೋ ಆ ಕೈಯ ಸ್ಟಿಕ್ ಎಂದು ಲೆಕ್ಕ. ಒಂಟಿ ಕೈಯಲ್ಲಿ ಪಕ್ ಹಿಡಿಯುವಾಗ ಮೇಲಿನ ಕೈಯೇ ಕೆಲಸ ಮಾಡುವುದರಿಂದ, ಬರೆಯುವ ಕೈ ಮೇಲಿರುವಂತೆ ಹಿಡಿಸುವುದು ಒಳ್ಳೆಯದು. ಬಲಗೈ ಮಕ್ಕಳು ಎಡಗೈ ಸ್ಟಿಕ್ ಹಿಡಿಯುವುದು ಸಹಜ. ಆದರೆ ಬಲಗೈ ಸ್ಟಿಕ್ ತಾನಾಗಿಯೇ ಒಗ್ಗಿದ್ದರೆ ಬದಲಾಯಿಸಬೇಡಿ. ಬಲಗೈ ಡಿಫೆನ್ಸ್‌ಮನ್‌ಗಳು ಎಲ್ಲ ಮಟ್ಟದಲ್ಲೂ ಕಡಿಮೆ. ಅವರನ್ನು ತಂಡಗಳು ಹುಡುಕಿಕೊಂಡು ಬರುತ್ತವೆ.

ಸ್ಕೇಟ್ ಮತ್ತು ಸಾಣೆ

ಸ್ಕೇಟ್ ನಂಬರ್ ಮಾಮೂಲಿ ಶೂಗಿಂತ ಒಂದರಿಂದ ಒಂದೂವರೆ ಚಿಕ್ಕದಿರುತ್ತದೆ. ‘ಬೆಳೆಯುವ ಮಗು’ ಎಂದು ದೊಡ್ಡದು ತಂದರೆ ಕಾಲು ಒಳಗೆ ಜಾರಿ ಅಂಚು ಹಿಡಿಯುವುದೇ ಇಲ್ಲ. ಲೇಸ್ ಪೂರ್ತಿ ಸಡಿಲಿಸಿ ಬೆರಳನ್ನು ಮುಂದಿನ ತುದಿಗೆ ಒತ್ತಿ ನಿಲ್ಲಿಸಿ; ಹಿಮ್ಮಡಿಯ ಹಿಂದೆ ಒಂದು ಬೆರಳಿಗಿಂತ ಹೆಚ್ಚು ಜಾಗವಿದ್ದರೆ ದೊಡ್ಡದಾಯಿತು. ಲೇಸ್ ಕಟ್ಟಿ ಮಂಡಿ ಬಗ್ಗಿಸಿದಾಗ ಕಾಲ್ಬೆರಳು ತುದಿಯಿಂದ ತುಸು ಹಿಂದೆ ಸರಿಯಬೇಕು. ಆಳದ ಪರೀಕ್ಷೆ ಇನ್ನೊಂದು: ಬೂಟಿನ ನಾಲಗೆ ಮುಂದಕ್ಕೆಳೆದು, ಮೇಲಿನಿಂದ ಮೂರನೇ ಲೇಸ್ ತೂತಿನ ಮೇಲೆ ಪೆನ್ಸಿಲ್ ಅಡ್ಡ ಇಡಿ. ಪಾದಕ್ಕೆ ತಗುಲಿ ಪೆನ್ಸಿಲ್ ಎರಡೂ ಕಡೆ ಕೂರದಿದ್ದರೆ ಆ ಬೂಟು ನಿಮ್ಮ ಕಾಲಿಗೆ ಆಳ ಸಾಲದು. ಲೇಸ್ ಬಿಗಿದಷ್ಟೂ ಪಾದದ ಮೇಲ್ಭಾಗ ನೋಯುತ್ತದೆ. ಅಂಗಡಿಯಲ್ಲಿ ಬೂಟನ್ನು ಓವನ್‌ನಲ್ಲಿ ಬಿಸಿ ಮಾಡಿ ಕಾಲಿಗೆ ಅಚ್ಚು ಕೂರಿಸಿಕೊಡುತ್ತಾರೆ. ಅದಾದ ಮೇಲೆ ಒಂದು ದಿನ ಸ್ಕೇಟ್ ಮುಟ್ಟಬೇಡಿ, ಬಿಸಿಯಲ್ಲಿ ಹಿಡಿದ ಆಕಾರ ಕೆಡುತ್ತದೆ.

ಬ್ಲೇಡಿನ ತಳ ಚಪ್ಪಟೆಯಲ್ಲ. ನಡುವೆ ಉದ್ದಕ್ಕೂ ಒಂದು ತಗ್ಗು, ಅದರ ಎರಡು ಬದಿಗೆ ಎರಡು ಅಂಚು. ಆ ತಗ್ಗಿನ ವೃತ್ತದ ತ್ರಿಜ್ಯವನ್ನು ಇಂಚಿನಲ್ಲಿ ಹೇಳುತ್ತಾರೆ: 3/8, 1/2, 5/8, 3/4. ಅಂಕಿ ಚಿಕ್ಕದಾದಷ್ಟೂ ತಗ್ಗು ಆಳ, ಅಂಚು ಮಂಜನ್ನು ಕಚ್ಚಿ ಹಿಡಿಯುತ್ತದೆ. ದೊಡ್ಡದಾದಷ್ಟೂ ಜಾರುವಿಕೆ ಸಲೀಸು, ಕಾಲು ಸೋಲುವುದು ಕಡಿಮೆ. 1/2ರಿಂದ ಶುರು ಮಾಡಿ. ತೂಕ ಹೆಚ್ಚಿದಂತೆ 5/8 ಕಡೆಗೆ ಹೋಗಿ. ಒಂದೇ ಸಲಕ್ಕೆ ಎರಡು ಮೆಟ್ಟಿಲು ದಾಟಬೇಡಿ. ಆಳ ಒಮ್ಮೆಲೇ ಹೆಚ್ಚಾದರೆ ನಿಲ್ಲಲು ಹೋದಾಗ ಬ್ಲೇಡ್ ಮಂಜಿನಲ್ಲಿ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ.

ಸಾಣೆ ಹಿಡಿಸಿ ತಂದ ಮೇಲೆ ಸ್ಕೇಟ್ ತಲೆಕೆಳಗು ಮಾಡಿ ಕಣ್ಣಿನ ಮಟ್ಟಕ್ಕೆ ತನ್ನಿ. ಎರಡೂ ಅಂಚಿನ ಮೇಲೆ ಕೂರುವಂತೆ ಒಂದು ನಾಣ್ಯವನ್ನು ಅಡ್ಡ ಇಟ್ಟು ನೋಡಿ. ನಾಣ್ಯ ಬ್ಲೇಡಿಗೆ ನೇರ ಅಡ್ಡವಾಗಿದ್ದರೆ ಸರಿ. ಕೂದಲೆಳೆಯಷ್ಟು ವಾಲಿದರೂ ಒಂದು ಅಂಚು ತಗ್ಗಾಗಿದೆ ಎಂದು ಅರ್ಥ. ಆಮೇಲೆ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಬಿಳಿ ಪುಡಿ ಬಂದರೆ ಹರಿತವಿದೆ. ಎಲ್ಲಾದರೂ ಉಗುರು ಜಾರಿ ಹೋದರೆ ಅಲ್ಲಿ ಅಂಚು ಸತ್ತಿದೆ. ಎಡಕ್ಕೆ ತಿರುಗುವಾಗ ಮಾತ್ರ ಕಾಲು ಜಾರುತ್ತಿರುವ ಹುಡುಗನನ್ನು ಕೋಚ್ ‘ಮಂಡಿ ಬಗ್ಗಿಸು’ ಎಂದು ಬೈಯುತ್ತಿರುತ್ತಾರೆ, ತಪ್ಪು ಸಾಣೆಯವನದಾಗಿರುತ್ತದೆ. ಹೊಸ ಸ್ಕೇಟ್ ತಂದಾಗ ‘ಸಾಣೆ ಹಿಡಿದಿದೆಯೇ’ ಎಂದು ಕೇಳಿಯೇ ಮನೆಗೆ ಬನ್ನಿ. ಆಟ ಮುಗಿದ ಮೇಲೆ ಬ್ಲೇಡ್ ಒರೆಸಿ ಬಟ್ಟೆಯ ಗವಸು ಹಾಕಿ. ಪ್ಲಾಸ್ಟಿಕ್ ಗಾರ್ಡ್ ನಡೆಯಲಿಕ್ಕೆ ಮಾತ್ರ, ಹಾಕಿಯೇ ಬ್ಯಾಗಿಗೆ ಸೇರಿಸಿದರೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಸ್ಟಿಕ್ ವಿಚಾರ ಇಷ್ಟು ಜಟಿಲವಲ್ಲ. ಸ್ಕೇಟ್ ಹಾಕಿ ನಿಂತಾಗ ತುದಿ ಗದ್ದ ಮತ್ತು ಮೂಗಿನ ನಡುವೆ ಬರಬೇಕು. ಬಾಗುವಿಕೆಯ ಅಂಕಿ, ಅಂದರೆ ಫ್ಲೆಕ್ಸ್, ನಿಮ್ಮ ತೂಕದ ಪೌಂಡ್ ಲೆಕ್ಕದ ಅರ್ಧದಷ್ಟಿರಲಿ. 160 ಪೌಂಡಿನವನಿಗೆ 80 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಸ್ಟಿಕ್ ಕತ್ತರಿಸಿದರೆ ಗಟ್ಟಿಯಾಗುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಎರಡು ಇಂಚು ತೆಗೆದರೆ ಸುಮಾರು ಹತ್ತು ಅಂಕಿ ಏರಿದಂತೆ. ಕತ್ತರಿಸುವುದಿದ್ದರೆ ಮೊದಲೇ ಮೆತ್ತನೆಯದನ್ನು ಕೊಳ್ಳಿ.

ಹದಿಮೂರು: ಮೈಗೆ ಮೈ

ಕೆನಡಾದಲ್ಲೂ ಅಮೆರಿಕದಲ್ಲೂ ಹುಡುಗರ ಆಟದಲ್ಲಿ ಬಾಡಿ ಚೆಕ್, ಅಂದರೆ ಪಕ್ ಇರುವವನನ್ನು ಮೈಯಿಂದ ತಳ್ಳುವುದು, ಶುರುವಾಗುವುದು 13ರ ಸುಮಾರಿಗೆ. ಕೊಡುವುದಕ್ಕಿಂತ ತಿನ್ನುವುದನ್ನು ಮೊದಲು ಕಲಿಯಬೇಕು. ರಿಂಕ್ ಸುತ್ತಲಿನ ಗೋಡೆಗೆ, ಅಂದರೆ ಬೋರ್ಡಿಗೆ, ಪೂರ್ತಿ ಅಂಟಿಕೊಂಡಿದ್ದರೆ ಪೆಟ್ಟು ಮೈತುಂಬ ಹಂಚಿಹೋಗುತ್ತದೆ, ದೂರವಿದ್ದರೆ ತಪ್ಪಿಸಿಕೊಳ್ಳಬಹುದು. ಅಪಾಯವಿರುವುದು ಬೋರ್ಡಿನಿಂದ ಒಂದು ಮೀಟರ್ ಆಸುಪಾಸಿನಲ್ಲಿ, ಬೋರ್ಡಿಗೆ ಮುಖ ಮಾಡಿ ನಿಂತಾಗ. ಅಲ್ಲಿ ಹಿಂದಿನಿಂದ ತಳ್ಳಿಸಿಕೊಂಡರೆ ತಲೆ ಮೊದಲು ಹೋಗಿ ಬಡಿಯುತ್ತದೆ. ಬೀಳುವ ಗಳಿಗೆಯಲ್ಲಿ ತಲೆ ಎತ್ತಿರಲಿ. ಗದ್ದ ಎದೆಗಂಟಿದ್ದರೆ ಪೆಟ್ಟು ನೇರವಾಗಿ ಕುತ್ತಿಗೆಯ ಮೂಳೆಗೆ.

ಸ್ಕೌಟ್‌ಗಳು ಗೋಲ್ ಎಣಿಸುತ್ತಾರೆ ಎಂದುಕೊಂಡವರು ಡಿಫೆನ್ಸ್‌ಮನ್ ಒಬ್ಬ ಮೂಲೆಗೆ ಬಂದ ಪಕ್ ತರಲು ಹೋಗುವುದನ್ನು ಗಮನಿಸಿ ನೋಡಬೇಕು. ಎದುರಾಳಿ ಪಕ್ ಅನ್ನು ಮೂಲೆಗೆಸೆದು ಬೆನ್ನಟ್ಟುತ್ತಿದ್ದಾನೆ. ಒಳ್ಳೆಯವನು ಪಕ್ ತಲುಪುವ ಮುಂಚೆ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ಮೊದಲ ನೋಟ ಎದುರಾಳಿ ಯಾವ ಭುಜದ ಕಡೆಯಿಂದ ಬರುತ್ತಿದ್ದಾನೆ ಎಂದು ತಿಳಿಯಲು, ಎರಡನೆಯದು ತನ್ನವರು ಎಲ್ಲಿದ್ದಾರೆ ಎಂದು ತಿಳಿಯಲು. ನಂತರ ಒಂದು ಕಡೆ ಹೋಗುವಂತೆ ಭುಜ ಆಡಿಸಿ, ಪಕ್ ಮುಟ್ಟಿದ ಕ್ಷಣವೇ ಇನ್ನೊಂದು ಕಡೆ ತಿರುಗುತ್ತಾನೆ. ನೋಡದೆ ಹೋದವನು ಪಕ್ ಮುಟ್ಟಿದ ಮೇಲೆ ತಲೆ ಎತ್ತುತ್ತಾನೆ. ಅಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ, ಪಕ್ ಹೋಗಿರುತ್ತದೆ. ಮೂರು ಸೆಕೆಂಡಿನ ಈ ಕೆಲಸಕ್ಕೆ ಅಂಕಿಅಂಶ ಪಟ್ಟಿಯಲ್ಲಿ ಜಾಗವಿಲ್ಲ. ಸ್ಕೌಟ್‌ನ ಡೈರಿಯಲ್ಲಿ ಇದೆ.

ಹದಿನೈದರಿಂದ ಹದಿನೇಳು: ಜೂನಿಯರೋ, ಕಾಲೇಜೋ

ಕೆನಡಾದ ಮುಖ್ಯ ಜೂನಿಯರ್ ಸಂಸ್ಥೆಯಾದ ಸಿಎಚ್‌ಎಲ್ ಅಡಿಯಲ್ಲಿ ಮೂರು ಲೀಗ್‌ಗಳಿವೆ: ಒಂಟಾರಿಯೊ, ವೆಸ್ಟರ್ನ್, ಕ್ವಿಬೆಕ್. ಆಡುವವರು 16ರಿಂದ 20ರ ವಯಸ್ಸಿನವರು. 20ರವರನ್ನು ಒಂದು ತಂಡ ಮೂವರನ್ನಷ್ಟೇ ಇಟ್ಟುಕೊಳ್ಳಬಹುದು, ಆದ್ದರಿಂದ ಕೊನೆಯ ವರ್ಷ ಜಾಗ ಸಿಗುತ್ತದೆ ಎಂದು ನಂಬಿಕೊಂಡಿರಬೇಡಿ. ವೆಸ್ಟರ್ನ್ ಮತ್ತು ಒಂಟಾರಿಯೊ ಲೀಗ್‌ಗಳಲ್ಲಿ ಸೀಸನ್ ಎಂದರೆ 68 ಪಂದ್ಯ. ಬಸ್ಸಿನಲ್ಲಿ ರಾತ್ರಿ ಪ್ರಯಾಣ, ಬೇರೊಂದು ಕುಟುಂಬದ ಮನೆಯಲ್ಲಿ ವಾಸ, ಹಗಲು ಶಾಲೆ. ವೃತ್ತಿ ಆಟದ ವೇಳಾಪಟ್ಟಿಗೆ ಇದಕ್ಕಿಂತ ಹತ್ತಿರದ ತಾಲೀಮು ಬೇರೆ ಇಲ್ಲ.

ಅಮೆರಿಕದ ಕಾಲೇಜು ಹಾಕಿಯ ಲಯವೇ ಬೇರೆ. ಪಂದ್ಯ ಹೆಚ್ಚಾಗಿ ಶುಕ್ರವಾರ, ಶನಿವಾರ. ಸೀಸನ್‌ಗೆ ಮೂವತ್ತೈದರ ಆಸುಪಾಸು. ಉಳಿದ ದಿನ ಜಿಮ್ ಮತ್ತು ಅಭ್ಯಾಸ. ಮೈ ಇನ್ನೂ ತುಂಬದ, ನಿಧಾನವಾಗಿ ಬೆಳೆಯುವ ಆಟಗಾರನಿಗೆ ಇದು ಹೇಳಿ ಮಾಡಿಸಿದ್ದು. ಕಾಲೇಜು ಸೇರುವ ಮುಂಚೆ ಯುಎಸ್‌ಎಚ್‌ಎಲ್‌ನಂಥ ಸಂಬಳವಿಲ್ಲದ ಜೂನಿಯರ್ ಲೀಗ್‌ನಲ್ಲಿ ಒಂದೆರಡು ವರ್ಷ ಆಡಿ 19, 20ಕ್ಕೆ ಕ್ಯಾಂಪಸ್ಸಿಗೆ ಕಾಲಿಡುವವರು ಬಹಳ.

ದಶಕಗಳ ಕಾಲ ಇಲ್ಲೊಂದು ಗೋಡೆ ಇತ್ತು: ಸಿಎಚ್‌ಎಲ್‌ನಲ್ಲಿ ಆಡಿದವನನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ವೃತ್ತಿ ಆಟಗಾರನೆಂದು ಪರಿಗಣಿಸುತ್ತಿತ್ತು. 2024ರ ನವೆಂಬರ್‌ನಲ್ಲಿ ಅದು ನಿಯಮ ಬದಲಾಯಿಸಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್ ಆಟಗಾರರು ಕಾಲೇಜಿಗೂ ಹೋಗಬಹುದು. ಹಳೆಯ ಸಲಹೆ ಕೊಡುವ ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ಪಕ್ಕಕ್ಕಿಡಿ. ಆದರೆ ಎನ್‌ಎಚ್‌ಎಲ್ ಕರಾರಿಗೆ ಸಹಿ ಹಾಕಿದರೆ ಕಾಲೇಜು ಆಟ ಮುಗಿದಂತೆಯೇ. ಡ್ರಾಫ್ಟ್ ಆಗುವುದರಿಂದ ತೊಂದರೆಯಿಲ್ಲ, ಸಹಿಯಿಂದ ತೊಂದರೆ. ಸಿಎಚ್‌ಎಲ್ ತಂಡಗಳು ಆಡಿದ ಪ್ರತಿ ಸೀಸನ್‌ಗೆ ಒಂದು ವರ್ಷದ ಓದಿನ ಖರ್ಚು ಕೊಡುತ್ತವೆ, ಅದಕ್ಕೂ ಗಡುವು ಮತ್ತು ಷರತ್ತುಗಳಿವೆ. ಯಾವ ಕರಾರು ಅದನ್ನು ರದ್ದು ಮಾಡುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಏಜೆಂಟ್‌ಗಳು ಇದೇ ವಯಸ್ಸಿನಲ್ಲಿ ಬರತೊಡಗುತ್ತಾರೆ, ಕಾಲೇಜಿನ ದಾರಿಯವರ ಬಳಿ ‘ಕುಟುಂಬದ ಸಲಹೆಗಾರ’ ಎಂಬ ಹೆಸರಿನಲ್ಲಿ. ಎನ್‌ಎಚ್‌ಎಲ್ ಕರಾರು ಮಾಡಿಸಲು ಆಟಗಾರರ ಸಂಘದ ಮಾನ್ಯತೆ ಇರಬೇಕು. ಆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಕಮಿಷನ್ ಸಾಮಾನ್ಯವಾಗಿ ಕರಾರಿನ ಶೇ. 3ರಿಂದ 5. ಮುಂಗಡ ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿ.

ಡ್ರಾಫ್ಟ್

32 ತಂಡ, ಏಳು ಸುತ್ತು, ಒಟ್ಟು 224 ಆಯ್ಕೆ. ಎನ್‌ಎಚ್‌ಎಲ್‌ನ ಕೇಂದ್ರ ಸ್ಕೌಟಿಂಗ್ ವಿಭಾಗ ನಾಲ್ಕು ಪಟ್ಟಿ ಮಾಡುತ್ತದೆ: ಉತ್ತರ ಅಮೆರಿಕದ ಸ್ಕೇಟರ್‌ಗಳು (ಗೋಲ್‌ಕೀಪರ್ ಅಲ್ಲದ ಆಟಗಾರರು), ಅಲ್ಲಿನ ಗೋಲ್‌ಕೀಪರ್‌ಗಳು, ಹೊರದೇಶದ ಸ್ಕೇಟರ್‌ಗಳು, ಗೋಲ್‌ಕೀಪರ್‌ಗಳು. ಸುಮಾರು ನೂರು ಮಂದಿಯನ್ನು ಜೂನ್ ಆರಂಭದಲ್ಲಿ ಬಫಲೋ ನಗರದ ದೈಹಿಕ ಪರೀಕ್ಷೆಗೆ ಕರೆಯುತ್ತಾರೆ. ಸ್ಕೇಟ್ ಅಲ್ಲಿ ಬೇಕಿಲ್ಲ. ಸೈಕಲ್ ಮೇಲೆ 30 ಸೆಕೆಂಡು ಜೀವ ಬಾಯಿಗೆ ಬರುವಂತೆ ತುಳಿಯುವ ವಿಂಗೇಟ್ ಪರೀಕ್ಷೆ, ಆಮ್ಲಜನಕ ಬಳಕೆಯ ಪರೀಕ್ಷೆ, ನಿಂತಲ್ಲಿಂದ ಉದ್ದ ಜಿಗಿತ, ಪುಲ್‌ಅಪ್, ಹಿಡಿತದ ಬಲ. ಇದಕ್ಕೆ ಎರಡು ತಿಂಗಳು ಪ್ರತ್ಯೇಕ ತಯಾರಿ ಮಾಡುವವರಿದ್ದಾರೆ. ವಿಂಗೇಟ್‌ಗೆ ಮುಂಚೆ ಹೊಟ್ಟೆ ತುಂಬ ತಿನ್ನಬಾರದು ಎಂಬ ಪಾಠವನ್ನು ಬಕೆಟ್ ಮುಂದೆ ಕೂತು ಕಲಿತವರೂ ಇದ್ದಾರೆ. ಆದರೆ ತಂಡಗಳಿಗೆ ಹೆಚ್ಚು ಬೇಕಾದ್ದು ಸಂದರ್ಶನ. ವಿಡಿಯೊ ಹಾಕಿ ‘ಈ ಗೋಲ್ ಯಾರ ತಪ್ಪು’ ಎಂದು ಕೇಳುತ್ತಾರೆ. ತನ್ನ ತಪ್ಪನ್ನು ಮೊದಲು ಹೇಳಿದವನ ಮೇಲೆ ನಂಬಿಕೆ ಕುದುರುತ್ತದೆ.

ಹೆಸರು ತೀರಾ ತಡವಾಗಿ ಬಂದರೆ, ಅಥವಾ ಕರೆಯದೇ ಇದ್ದರೆ? ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ರಲ್ಲಿ, ಜೋ ಪವೆಲ್ಸ್ಕಿ 2003ರಲ್ಲಿ, ಇಬ್ಬರೂ 205ನೆಯವರಾಗಿ ಆಯ್ಕೆಯಾಗಿ ಮುಂದೆ ತಾರೆಯರಾದವರು. ಮಾರ್ಟಿನ್ ಸೇಂಟ್ ಲೂಯಿಸ್ ಡ್ರಾಫ್ಟ್ ಆಗಲೇ ಇಲ್ಲ; ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿ ಬಂದು 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಡ್ರಾಫ್ಟ್ ಆಗದವನಿಗೆ ಒಂದು ಲಾಭವೂ ಇದೆ: ತನ್ನ ಜಾಗ ಖಾಲಿಯಿರುವ ತಂಡವನ್ನು ತಾನೇ ಆರಿಸಬಹುದು. ಕೊನೆಯ ಸುತ್ತಿನಲ್ಲಿ ತಪ್ಪು ತಂಡಕ್ಕೆ ಹೋಗುವುದಕ್ಕಿಂತ ಇದೇ ವಾಸಿ ಎನ್ನುವಂತಿರುತ್ತದೆ ಎಷ್ಟೋ ಸಲ. ಗೋಲ್‌ಕೀಪರ್‌ಗಳಂತೂ ತಡವಾಗಿ ಪಕ್ವವಾಗುವವರು, ಲುಂಡ್‌ಕ್ವಿಸ್ಟ್ ಎನ್‌ಎಚ್‌ಎಲ್‌ಗೆ ಕಾಲಿಟ್ಟಾಗ 23. 18ಕ್ಕೆ ಆಸೆ ಬಿಡಬೇಕಿಲ್ಲ.

ಮೊದಲ ಕರಾರು

18ರಿಂದ 21ರೊಳಗೆ ಸಹಿ ಹಾಕಿದರೆ ಮೊದಲ ಕರಾರು ಕಡ್ಡಾಯವಾಗಿ ಮೂರು ವರ್ಷ. 22–23ಕ್ಕೆ ಎರಡು, 24ಕ್ಕೆ ಒಂದು. 2024 ಮತ್ತು 2025ರಲ್ಲಿ ಡ್ರಾಫ್ಟ್ ಆದವರಿಗೆ ವರ್ಷಕ್ಕೆ ಗರಿಷ್ಠ 9,75,000 ಡಾಲರ್, ಸಾಧನೆಯ ಬೋನಸ್ ಬೇರೆ. ಕೇಳಲು ದೊಡ್ಡ ಮೊತ್ತ. ಆದರೆ ಈ ಕರಾರು ಎರಡು ಬಗೆಯ ಸಂಬಳದ್ದು: ಎನ್‌ಎಚ್‌ಎಲ್‌ನಲ್ಲಿದ್ದ ದಿನಕ್ಕೆ ಒಂದು ದರ, ಕೆಳಗಿನ ಎಎಚ್‌ಎಲ್‌ನಲ್ಲಿದ್ದ ದಿನಕ್ಕೆ ಇನ್ನೊಂದು. ಎರಡನೆಯದು ಮೊದಲಿನದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ದಿನಗೂಲಿಯ ಲೆಕ್ಕವೇ ಅನ್ನಿ. ವರ್ಷದಲ್ಲಿ ಎಷ್ಟು ದಿನ ಮೇಲಿದ್ದಿರಿ ಎಂಬುದರ ಮೇಲೆ ಆದಾಯ.

18, 19ರವರಿಗೆ ಇನ್ನೊಂದು ನಿಯಮ. ಎನ್‌ಎಚ್‌ಎಲ್‌ನಲ್ಲಿ ಹತ್ತು ಪಂದ್ಯಕ್ಕಿಂತ ಕಡಿಮೆ ಆಡಿದರೆ ಕರಾರಿನ ಆ ವರ್ಷ ಖರ್ಚಾಗುವುದಿಲ್ಲ, ಮುಂದಕ್ಕೆ ಜರುಗುತ್ತದೆ. ಒಂಬತ್ತು ಪಂದ್ಯ ಆಡಿಸಿ ಹುಡುಗನನ್ನು ಜೂನಿಯರ್‌ಗೆ ವಾಪಸ್ ಕಳಿಸುವುದನ್ನು ನೋಡಿದ್ದೀರಲ್ಲ, ಅದರ ಗುಟ್ಟು ಇದು. ಅದನ್ನು ಅವಮಾನವೆಂದು ತಿಳಿಯಬೇಡಿ.

ತಂಡದ ಪಟ್ಟಿಯಲ್ಲಿ 23 ಮಂದಿ, ಪಂದ್ಯಕ್ಕೆ ಇಳಿಯುವವರು 20. ಎಲ್ಲ ಕರಾರುಗಳೂ ಸೇರಿ ಒಂದು ತಂಡಕ್ಕೆ 50ರ ಮಿತಿ. ಸೆಪ್ಟೆಂಬರ್ ಕ್ಯಾಂಪಿಗೆ ಹೋಗುವ ಮುಂಚೆ ಈ ಎಣಿಕೆ ಮಾಡಿಕೊಳ್ಳಿ: ನಿಮ್ಮ ಸ್ಥಾನದಲ್ಲಿ ಎಷ್ಟು ಜನ, ಅವರಲ್ಲಿ ಯಾರನ್ನು ಕೆಳಗೆ ಕಳಿಸಲು ವೇವರ್ ಬೇಕು. ವೇವರ್ ಎಂದರೆ ಕೆಳಗೆ ಕಳಿಸುವ ಮುಂಚೆ 24 ಗಂಟೆ ಉಳಿದ ತಂಡಗಳ ಮುಂದಿಡುವುದು. ಬೇಕಾದವರು ಎತ್ತಿಕೊಂಡು ಹೋಗಬಹುದು. ಹೊಸಬರಿಗೆ ವಿನಾಯಿತಿ ಇದೆ. 18ರಲ್ಲಿ ಸಹಿ ಹಾಕಿದ ಸ್ಕೇಟರ್‌ಗೆ ಐದು ವರ್ಷ ಅಥವಾ 160 ಪಂದ್ಯ, ಯಾವುದು ಮೊದಲೋ ಅದು. ಹೀಗಾಗಿ ನೀವು ಹಿರಿಯನಿಗಿಂತ ಚೂರು ಚೆನ್ನಾಗಿ ಆಡಿದರೂ ಕೆಳಗೆ ಹೋಗುವವರು ನೀವೇ, ಏಕೆಂದರೆ ನಿಮ್ಮನ್ನು ಕಳಿಸಿದರೆ ತಂಡ ಏನನ್ನೂ ಕಳೆದುಕೊಳ್ಳುವುದಿಲ್ಲ.

ಎಎಚ್‌ಎಲ್‌ನಲ್ಲಿ ಬದುಕು

32 ತಂಡ, 72 ಪಂದ್ಯ, ವಾರಾಂತ್ಯದಲ್ಲಿ ಮೂರು ದಿನಕ್ಕೆ ಮೂರು ಪಂದ್ಯವೂ ಬರುತ್ತದೆ. ಇಲ್ಲಿ ಬಂದವರಲ್ಲಿ ಹೆಚ್ಚಿನವರು ತಾವು ಜೂನಿಯರ್‌ನಲ್ಲಿ ಆಡುತ್ತಿದ್ದ ಆಟವನ್ನೇ ಮುಂದುವರಿಸಿ ಸೋಲುತ್ತಾರೆ. ಅಲ್ಲಿ 90 ಪಾಯಿಂಟ್ (ಗೋಲ್ ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ ಹುಡುಗನಿಗೆ ಮೇಲಿನ ತಂಡದಲ್ಲಿ ಮೊದಲ ಲೈನ್ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಖಾಲಿಯಿರುವುದಿಲ್ಲ; ಖಾಲಿಯಾಗುವುದು ನಾಲ್ಕನೇ ಲೈನ್ ಮತ್ತು ಪೆನಾಲ್ಟಿ ಕಿಲ್, ಅಂದರೆ ಶಿಕ್ಷೆಯಿಂದ ತಂಡಕ್ಕೆ ಆಟಗಾರ ಕಡಿಮೆಯಿರುವಾಗಿನ ರಕ್ಷಣೆ. ಬಂದ ಮೊದಲ ವಾರವೇ ಕೋಚ್ ಬಳಿ ಹೋಗಿ ‘ಮೇಲೆ ನನ್ನನ್ನು ಯಾವ ಕೆಲಸಕ್ಕೆ ಕರೆಯುತ್ತಾರೆ’ ಎಂದು ನೇರವಾಗಿ ಕೇಳಿ. ಉತ್ತರ ಫೇಸ್‌ಆಫ್ (ರೆಫರಿ ಬೀಳಿಸಿದ ಪಕ್‌ಗಾಗಿ ಇಬ್ಬರ ಸ್ಪರ್ಧೆ) ಎಂದಾದರೆ ದಿನಾ ಅಭ್ಯಾಸದ ನಂತರ ಅದನ್ನೇ ಮಾಡಿ, ಶಾಟ್‌ಗೆ ಅಡ್ಡ ಬೀಳುವುದು ಎಂದಾದರೆ ಅದನ್ನು. ಶಿಫ್ಟ್, ಅಂದರೆ ಒಮ್ಮೆ ಮಂಜಿಗಿಳಿದ ಸರದಿ, 45 ಸೆಕೆಂಡಿಗೆ ಮುಗಿಸಿ. ಒಂದೂವರೆ ನಿಮಿಷ ಎಳೆದವನು ಕೊನೆಗೆ ಬೆಂಚಿಗೆ ನಡೆದು ಬರುತ್ತಿರುವಾಗ ಬಿದ್ದ ಗೋಲನ್ನು ವಿಡಿಯೊದಲ್ಲಿ ಎಲ್ಲರೂ ನೋಡುತ್ತಾರೆ.

ಪಾಸ್‌ಪೋರ್ಟ್ ಬ್ಯಾಗಿನಲ್ಲೇ ಇರಲಿ, ವೀಸಾ ಅವಧಿ ಪರೀಕ್ಷಿಸಿ. ಮಧ್ಯಾಹ್ನ ಫೋನ್ ಬಂದು ಸಂಜೆ ಗಡಿ ದಾಟಿ ಆಡಬೇಕಾದೀತು. ಸಾಣೆ ಹಿಡಿದ ಎರಡನೇ ಜೊತೆ ಬ್ಲೇಡ್ ಸದಾ ಸಿದ್ಧವಿರಲಿ. ಮನೆ ಬಾಡಿಗೆಗೆ ತಿಂಗಳ ಕರಾರೇ ಸಾಕು.

ಎಎಚ್‌ಎಲ್ ಕೆಳಗೆ ಇಸಿಎಚ್‌ಎಲ್ ಇದೆ. ಸಂಬಳ ವಾರದ ಲೆಕ್ಕ, ಮನೆ ತಂಡದ್ದು. ಅಲ್ಲಿಂದ 25 ಪಂದ್ಯಗಳ ಪರೀಕ್ಷಾ ಕರಾರಿನ ಮೇಲೆ ಎಎಚ್‌ಎಲ್‌ಗೆ ಏರುವವರು ಪ್ರತಿ ವರ್ಷ ಇರುತ್ತಾರೆ. ಎರಡು ಸೀಸನ್ ಕೊಡಿ, ಮೂರನೆಯದಕ್ಕೆ ಮುಂಚೆ ಯುರೋಪಿನ ಕಡೆ ನೋಡಿ.

ಯುರೋಪ್

ಎನ್‌ಎಚ್‌ಎಲ್‌ಗೆ ಮುಟ್ಟದ, ಎಎಚ್‌ಎಲ್‌ಗೆ ಮಿಗಿಲಾದ ಆಟಗಾರನ ನಿಜವಾದ ಜೀವನೋಪಾಯ ಇಲ್ಲಿ. ಸ್ವಿಟ್ಜರ್ಲೆಂಡ್, ಸ್ವೀಡನ್, ಫಿನ್‌ಲೆಂಡ್, ಜರ್ಮನಿ, ಝೆಕ್ ದೇಶ. ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್‌ನ ಮೇಲಿನ ಲೀಗ್‌ಗಳಲ್ಲಿ 52 ಪಂದ್ಯ, ಫಿನ್‌ಲೆಂಡಿನ ಲೀಗಾದಲ್ಲಿ 60. ದೇಹ ಉಳಿಯುತ್ತದೆ, ಪ್ರಯಾಣ ಚಿಕ್ಕದು. ಕರಾರು ಓದುವಾಗ ಮೂರು ಕಡೆ ಬೆರಳಿಡಿ: ಸಂಬಳ ತೆರಿಗೆಗೆ ಮುಂಚಿನದೋ ಕೈಗೆ ಬರುವುದೋ, ಮನೆ ಮತ್ತು ಕಾರು ಸೇರಿದೆಯೇ, ತಂಡ ಕೆಳ ದರ್ಜೆಗೆ ಇಳಿದರೆ ಕರಾರು ಏನಾಗುತ್ತದೆ. ಸ್ವೀಡನ್‌ನಲ್ಲಿ ಕೊನೆಯ ಸ್ಥಾನದ ಅಪಾಯ ನಿಜವಾದದ್ದು. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿರುವ ಲೀಗ್‌ನಲ್ಲಿ ಎರಡು ವಾರ ಗೋಲ್ ಬರದಿದ್ದರೆ ಬದಲಿ ಆಟಗಾರ ವಿಮಾನ ಹತ್ತಿರುತ್ತಾನೆ. ದೇಶ ಬದಲಾಯಿಸುವಾಗ ಅಂತರರಾಷ್ಟ್ರೀಯ ಫೆಡರೇಷನ್‌ನ ವರ್ಗಾವಣೆ ಪತ್ರ ಬೇಕು. ಅದು ಬರುವವರೆಗೆ ಮಂಜಿಗಿಳಿಯುವಂತಿಲ್ಲ.

ಮಹಿಳೆಯರಿಗೆ

2024ರ ಜನವರಿ 1ರಂದು ಉತ್ತರ ಅಮೆರಿಕದ ಮಹಿಳಾ ವೃತ್ತಿ ಲೀಗ್ ಆದ ಪಿಡಬ್ಲ್ಯುಎಚ್‌ಎಲ್ ಆರು ತಂಡಗಳೊಂದಿಗೆ ಆರಂಭವಾಯಿತು. 2025–26ಕ್ಕೆ ಸಿಯಾಟಲ್ ಮತ್ತು ವ್ಯಾಂಕೂವರ್ ಸೇರಿ ಎಂಟು. ಆರಂಭದ ಒಪ್ಪಂದದ ಪ್ರಕಾರ ಕನಿಷ್ಠ ಸಂಬಳ 35,000 ಡಾಲರ್, ಪ್ರತಿ ತಂಡದಲ್ಲಿ ಕನಿಷ್ಠ ಆರು ಮಂದಿಗೆ 80,000 ಅಥವಾ ಹೆಚ್ಚು. ದಾರಿ ಬಹುತೇಕ ಕಾಲೇಜಿನ ಮೂಲಕವೇ, ಆದ್ದರಿಂದ ಡಿಗ್ರಿ ಮುಗಿಸಿಯೇ ಡ್ರಾಫ್ಟ್‌ಗೆ ಹೋಗುವುದು ರೂಢಿ. ಕನಿಷ್ಠ ಸಂಬಳದಲ್ಲಿರುವ ಆಟಗಾರ್ತಿಗೆ ಬೇಸಿಗೆಯ ಆದಾಯ ಬೇಕಾಗುತ್ತದೆ. ಕೋಚಿಂಗ್ ಕ್ಯಾಂಪ್‌ಗಳನ್ನು ಸೀಸನ್ ಮುಗಿಯುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ದೇಹ

ಸ್ಕೇಟಿಂಗ್‌ನಲ್ಲಿ ತೊಡೆಯ ಹೊರಭಾಗ ತಳ್ಳುತ್ತದೆ, ಒಳಭಾಗ ಕಾಲನ್ನು ಎಳೆದು ತಡೆಯುತ್ತದೆ. ತಳ್ಳುವ ಸ್ನಾಯು ಬೆಳೆದು ಎಳೆಯುವುದು ಹಿಂದುಳಿದರೆ ತೊಡೆಸಂದಿ ಹರಿಯುತ್ತದೆ. ಒಳತೊಡೆಯ ಬಲ ಹೊರಗಿನದರ ಶೇ. 80ಕ್ಕಿಂತ ಕಡಿಮೆಯಿರುವವರಿಗೆ ಅಪಾಯ ಬಹಳ ಹೆಚ್ಚು. ಕ್ಯಾಂಪಿಗೆ ಆರು ವಾರ ಮುಂಚೆ ಅಳತೆ ಮಾಡಿಸಿ, ಕಡಿಮೆಯಿದ್ದರೆ ಕೋಪನ್‌ಹೇಗನ್ ಪ್ಲ್ಯಾಂಕ್ ಎಂಬ ಒಳತೊಡೆಯ ವ್ಯಾಯಾಮ ವಾರಕ್ಕೆ ಎರಡು ಮೂರು ಸಲ ಹಾಕಿ. ಗೋಲ್‌ಕೀಪರ್‌ಗಳಿಗೆ ಮಂಡಿಯೂರಿ ಕಾಲು ಹರಡುವ ಬಟರ್‌ಫ್ಲೈ ಭಂಗಿಯಿಂದ ಸೊಂಟದ ಕೀಲಿನಲ್ಲಿ ಮೂಳೆ ಉಜ್ಜುತ್ತದೆ. ಕೂತು ಎದ್ದಾಗ ತೊಡೆಸಂದಿಯ ಆಳದಲ್ಲಿ ಚುಚ್ಚಿದರೆ ಹಿಗ್ಗಿಸುವ ವ್ಯಾಯಾಮ ಜಾಸ್ತಿ ಮಾಡುವುದಲ್ಲ, ವೈದ್ಯರಿಗೆ ತೋರಿಸುವುದು.

ತಲೆಗೆ ಪೆಟ್ಟು ಬಿದ್ದರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ: ನಡಿಗೆ, ಸೈಕಲ್, ಒಬ್ಬರೇ ಸ್ಕೇಟಿಂಗ್, ತಂಡದ ಜತೆ ತಾಗದ ಅಭ್ಯಾಸ, ವೈದ್ಯರ ಒಪ್ಪಿಗೆ ಬಂದ ಮೇಲೆ ಮಾತ್ರ ತಾಗುವ ಅಭ್ಯಾಸ, ಕೊನೆಗೆ ಪಂದ್ಯ. ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಹಿಂದೆ. ತಲೆನೋವು ಮುಚ್ಚಿಟ್ಟು ಆಡುವುದನ್ನು ಶೌರ್ಯವೆನ್ನುವ ಕಾಲ ಹೋಗಿದೆ, ಹೋಗಬೇಕಾದ್ದೇ.

2023ರ ಅಕ್ಟೋಬರ್ 28ರಂದು ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ಆಡಮ್ ಜಾನ್ಸನ್ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಗುಲಿ ತೀರಿಕೊಂಡರು. ಆ ನಂತರ ಅಂತರರಾಷ್ಟ್ರೀಯ ಫೆಡರೇಷನ್ ತನ್ನ ಟೂರ್ನಿಗಳಲ್ಲಿ ಕುತ್ತಿಗೆ ರಕ್ಷಣೆ ಕಡ್ಡಾಯ ಮಾಡಿತು. ನಿಮ್ಮ ಲೀಗ್ ಕೇಳಲಿ ಬಿಡಲಿ, ಕತ್ತರಿಸದ ಬಟ್ಟೆಯ ಕುತ್ತಿಗೆ ಪಟ್ಟಿ, ಮಣಿಕಟ್ಟಿನ ಪಟ್ಟಿ, ಕಾಲುಚೀಲ ಮೂರನ್ನೂ ಹಾಕಿ.

ದುಡ್ಡು ಮತ್ತು ಮುಗಿತಾಯ

2025–26ರಲ್ಲಿ ಎನ್‌ಎಚ್‌ಎಲ್ ಕನಿಷ್ಠ ಸಂಬಳ 7,75,000 ಡಾಲರ್, ತಂಡದ ಸಂಬಳದ ಮಿತಿ 9.55 ಕೋಟಿ ಡಾಲರ್. 2026–27ರಿಂದ ಹೊಸ ಒಪ್ಪಂದದಲ್ಲಿ ಕನಿಷ್ಠ 8,50,000, ಸೀಸನ್ 84 ಪಂದ್ಯ. ಆಟಗಾರರಿಗೂ ಮಾಲೀಕರಿಗೂ ಆದಾಯ ಸಮಪಾಲು. ಹೆಚ್ಚು ಕಮ್ಮಿ ಸರಿದೂಗಿಸಲು ಸಂಬಳದಲ್ಲಿ ಒಂದಷ್ಟು ಎಸ್ಕ್ರೋ ಎಂದು ಹಿಡಿದಿಡುತ್ತಾರೆ. ಆ ಹಣ ವಾಪಸ್ ಬರಲಿಕ್ಕೂ ಸಾಕು, ಬಾರದೆಯೂ ಇರಬಹುದು. ಖರ್ಚಿನ ಲೆಕ್ಕದಲ್ಲಿ ಅದನ್ನು ಸೇರಿಸಲೇಬೇಡಿ. ತೆರಿಗೆ ಆಡಿದ ಊರೂರಿಗೂ ದಿನದ ಲೆಕ್ಕದಲ್ಲಿ ಹಂಚಿಹೋಗುತ್ತದೆ, ಇದಕ್ಕೆ ಆಟಗಾರರ ತೆರಿಗೆ ಬಲ್ಲ ಲೆಕ್ಕಿಗನೇ ಬೇಕು. ತಂಡ ಕರಾರನ್ನು ಬೈಔಟ್ ಮಾಡಿದರೆ, ಅಂದರೆ ಹಣ ಕೊಟ್ಟು ಮಧ್ಯದಲ್ಲೇ ಮುಗಿಸಿದರೆ, 26 ತುಂಬದವನಿಗೆ ಉಳಿದ ಸಂಬಳದ ಮೂರನೇ ಒಂದು, ತುಂಬಿದವನಿಗೆ ಮೂರನೇ ಎರಡು ಭಾಗ, ಅದೂ ಉಳಿದ ಅವಧಿಯ ಎರಡರಷ್ಟು ವರ್ಷಗಳಲ್ಲಿ ಹರಡಿ. 27 ತುಂಬಿದರೆ ಅಥವಾ ಏಳು ಸೀಸನ್ ಲೆಕ್ಕಕ್ಕೆ ಸಿಕ್ಕಿದರೆ ಕರಾರು ಮುಗಿದ ಮೇಲೆ ಆಟಗಾರ ಪೂರ್ತಿ ಸ್ವತಂತ್ರ. ಸೀಸನ್ ಲೆಕ್ಕಕ್ಕೆ ಬರಲು ಸ್ಕೇಟರ್ 40 ಪಂದ್ಯ ತಂಡದ ಪಟ್ಟಿಯಲ್ಲಿರಬೇಕು, ಗೋಲ್‌ಕೀಪರ್ 30. ಮಾರ್ಚ್‌ನಲ್ಲಿ 38ಕ್ಕೆ ನಿಂತು ಕೆಳಗೆ ಕಳಿಸಿಸಿಕೊಂಡರೆ ಏಜೆಂಟ್‌ಗೆ ಅದೇ ದಿನ ಫೋನ್ ಮಾಡಿ.

ಆಟ ನಿಲ್ಲಿಸುವ ವರ್ಷ ಯಾವುದೆಂದು ಸಾಮಾನ್ಯವಾಗಿ ಆಟಗಾರನಿಗೆ ಮುಂಚೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಫೋನ್ ಬರುವುದು ನಿಲ್ಲುತ್ತದೆ, ಅಷ್ಟೇ. ಕೋಚಿಂಗ್ ಲೈಸೆನ್ಸ್ ಮತ್ತು ಬಾಕಿ ಡಿಗ್ರಿಯನ್ನು 28ರಿಂದಲೇ ಬೇಸಿಗೆಗಳಲ್ಲಿ ಮುಗಿಸುತ್ತಾ ಬನ್ನಿ. ಪ್ರತಿ ಸೀಸನ್ ಕೊನೆಯಲ್ಲಿ ತಂಡದ ವೈದ್ಯರು ನಿರ್ಗಮನ ತಪಾಸಣೆ ಮಾಡಿ ‘ಆರೋಗ್ಯವಾಗಿದ್ದೇನೆ’ ಎಂಬ ಹಾಳೆಗೆ ಸಹಿ ಕೇಳುತ್ತಾರೆ. ಮನೆಗೆ ಹೋಗುವ ಆತುರದಲ್ಲಿ ಸಹಿ ಹಾಕಬೇಡಿ. ಹಲ್ಲು, ಭುಜ, ಮಣಿಕಟ್ಟು, ಮಂಡಿ, ತಲೆಗೆ ಬಿದ್ದ ಪ್ರತಿಯೊಂದು ಪೆಟ್ಟನ್ನೂ ದಿನಾಂಕ ಸಮೇತ ಬರೆಸಿ, ಪ್ರತಿ ತೆಗೆದುಕೊಂಡು ಬನ್ನಿ. ಐದು ವರ್ಷದ ನಂತರ ಚಿಕಿತ್ಸೆಯ ಖರ್ಚು ಕೇಳಲು ಹೋದಾಗ ಅವರು ಮೊದಲು ತೆಗೆಯುವುದು ಆ ಹಾಳೆಯನ್ನೇ.